ಎಚ್‌ಎಂವಿ 102: ಅಟ್ಟದಿಂದಿಳಿದ ಗ್ರಾಮಾಫೋನ್ ಪೆಟ್ಟಿಗೆಯನ್ನು ಗುರುತಿಸುವುದು, ಬಿಚ್ಚುವುದು, ಮತ್ತೆ ಹಾಡಿಸುವುದು

ಎಚ್‌ಎಂವಿ 102 ಎಂಬ, ಕೀ ಕೊಟ್ಟು ಹಾಡಿಸುವ ಸೂಟ್‌ಕೇಸ್ ಗ್ರಾಮಾಫೋನು ಕೈಗೆ ಸಿಕ್ಕಿದ ಕೂಡಲೇ ಕೀ ಕೊಡಬೇಡಿ. ಹಳೆಯ ಗ್ರಾಮಾಫೋನು ಹಾಳಾಗುವುದು ಅಟ್ಟದಲ್ಲಿ ಕೂತಿದ್ದ ಐವತ್ತು ವರ್ಷಗಳಲ್ಲಲ್ಲ, ಕೆಳಗಿಳಿಸಿದ ಮೊದಲ ಐದು ನಿಮಿಷಗಳಲ್ಲಿ. ಸ್ಪ್ರಿಂಗಿನ ಗ್ರೀಸು ಅಂಟಾಗಿ ಗಟ್ಟಿಯಾಗಿರುತ್ತದೆ, ಸೌಂಡ್‌ಬಾಕ್ಸಿನ (ಮುಳ್ಳಿನ ನಡುಕವನ್ನು ದನಿಯಾಗಿಸುವ ದುಂಡು ಡಬ್ಬಿ) ರಬ್ಬರು ಕಲ್ಲಾಗಿರುತ್ತದೆ, ಅದನ್ನು ಹೊತ್ತ ತೋಳಾದ ಟೋನ್‌ಆರ್ಮಿನ ತುದಿಯಲ್ಲಿ ಯಾವ ಕಾಲದ್ದೋ ತುಕ್ಕು ಹಿಡಿದ ಮುಳ್ಳು ಇರುತ್ತದೆ. ಆ ಸ್ಥಿತಿಯಲ್ಲಿ ಪ್ಲೇಟು ಹಾಕಿ ಮುಳ್ಳು ಇಳಿಸಿದರೆ ಪ್ಲೇಟಿನ ಗೆರೆಗಳು ಸವೆದು ಹೋಗುತ್ತವೆ, ಆಮೇಲೆ ಅದಕ್ಕೆ ಮದ್ದಿಲ್ಲ. ಮೊದಲು ಏನು ಸಿಕ್ಕಿದೆ ಎಂದು ನೋಡಿಕೊಳ್ಳಿ.

ಈ ಪೆಟ್ಟಿಗೆ ಎಲ್ಲಿಂದ ಬಂತು

ಗ್ರಾಮಾಫೋನ್ ಕಂಪನಿ 1898ರಲ್ಲಿ ಲಂಡನ್ನಿನಲ್ಲಿ ಶುರುವಾಯಿತು. ಕಹಳೆಯ ಮುಂದೆ ಕಿವಿಗೊಟ್ಟು ಕೂತ ನಾಯಿಯ ಚಿತ್ರ, ಅದರ ಹೆಸರಾದ ‘ಹಿಸ್ ಮಾಸ್ಟರ್ಸ್ ವಾಯ್ಸ್’ನ ಮೂರು ಅಕ್ಷರಗಳಾದ ಎಚ್‌ಎಂವಿ, ಎರಡೂ ಈ ಕಂಪನಿಯವೇ. ಭಾರತದಲ್ಲಿ ಮೊದಲ ಧ್ವನಿಮುದ್ರಣಕ್ಕೆ ಅವರ ತಂತ್ರಜ್ಞ ಫ್ರೆಡ್ ಗೈಸ್‌ಬರ್ಗ್ ಬಂದದ್ದು 1902ರಲ್ಲಿ, ಕಲ್ಕತ್ತೆಗೆ. ಅಲ್ಲಿ ಹಾಡಿದ ಗೌಹರ್ ಜಾನ್ ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು. 1908ರಲ್ಲಿ ಕಲ್ಕತ್ತೆಯ ಸೀಲ್ದಾದಲ್ಲಿ ಪ್ಲೇಟು ಒತ್ತುವ ಕಾರ್ಖಾನೆ ಬಂತು, 1920ರ ದಶಕದ ಕೊನೆಯಲ್ಲಿ ಅದು ದಮ್‌ದಮ್‌ಗೆ ಹೋಯಿತು. ಪ್ಲೇಟಿಗೆ ಬೇಕಾದ ಅರಗು ನಮ್ಮ ಕಾಡುಗಳದ್ದೇ. ಆದರೆ 102ರಂಥ ಯಂತ್ರ ಬರುತ್ತಿದ್ದದ್ದು ಇಂಗ್ಲೆಂಡಿನಿಂದ, ಮಿಡ್ಲ್‌ಸೆಕ್ಸ್ ಪ್ರಾಂತ್ಯದ ಹೇಯ್ಸ್ ಊರಿನ ಕಾರ್ಖಾನೆಯಿಂದ.

1925ರಲ್ಲಿ ಧ್ವನಿಮುದ್ರಣ ಕಹಳೆಯಿಂದ ಮೈಕಿಗೆ ಬದಲಾಯಿತು. ಹೊಸ ಪ್ಲೇಟುಗಳಲ್ಲಿ ತಗ್ಗು ಸ್ವರವೂ ತಾರದ ಹೊಳಪೂ ಹೆಚ್ಚು. ಸೌಂಡ್‌ಬಾಕ್ಸಿನೊಳಗೆ ನಡುಗಿ ದನಿ ಕೊಡುವ ತೆಳು ಬಿಲ್ಲೆ, ಅಂದರೆ ಡಯಾಫ್ರಂ, ಹಳೆಯದರಲ್ಲಿ ಅಭ್ರಕದ್ದು; ಅದು ಇದನ್ನೆಲ್ಲ ಹಿಡಿದುಕೊಡುತ್ತಿರಲಿಲ್ಲ. ಅದೇ ವರ್ಷ ಬಂದ 101 ಎಂಬ ಸೂಟ್‌ಕೇಸ್ ಮಾದರಿಯ ಪೆಟ್ಟಿಗೆ ಚೆನ್ನಾಗಿ ಮಾರಾಟವಾದರೂ ಅದರ 4ನೇ ನಂಬರಿನ ಸೌಂಡ್‌ಬಾಕ್ಸಿನಲ್ಲಿ ಇದ್ದದ್ದು ಅಭ್ರಕವೇ. 1931ರಲ್ಲಿ 102 ಬಂತು: ಲೋಹದ ಡಯಾಫ್ರಂ, ಹೊಸದಾಗಿ ರೂಪಿಸಿದ ಒಳಕಹಳೆ, ತಾನಾಗಿ ನಿಲ್ಲಿಸುವ ಬ್ರೇಕು. ಅದೇ ವರ್ಷ ಕಂಪನಿ ಕೊಲಂಬಿಯಾದ ಜೊತೆ ಸೇರಿ ಇಎಂಐ ಆಯಿತು. ಹೀಗಾಗಿ 102 ಒಂದು ವಿಚಿತ್ರ ಸಂಧಿಕಾಲದ ಯಂತ್ರ. ವಿದ್ಯುತ್ತಿನಿಂದ ಮುದ್ರಿಸಿದ ಹಾಡನ್ನು ವಿದ್ಯುತ್ತೇ ಇಲ್ಲದೆ ಚೆನ್ನಾಗಿ ಕೇಳಿಸಲೆಂದು ಮಾಡಿದ್ದು.

1950ರ ದಶಕದ ಕೊನೆಯ ಹೊತ್ತಿನವರೆಗೂ ಇದು ತಯಾರಾಗುತ್ತಲೇ ಇತ್ತು. ಬ್ರಿಟನ್ನಿನಲ್ಲಿ ರೇಡಿಯೋಗ್ರಾಂ, ಎಲ್‌ಪಿ ಬಂದು ಕೀ ಕೊಡುವ ಪೆಟ್ಟಿಗೆ ಹಳೆಯ ಸರಕಾದ ಮೇಲೂ ಬೇಡಿಕೆ ಉಳಿದದ್ದು ಕರೆಂಟಿಲ್ಲದ ಊರುಗಳಿಂದ: ಭಾರತ, ಆಫ್ರಿಕಾ, ಆಗ್ನೇಯ ಏಷ್ಯಾ. ನಮ್ಮಲ್ಲಂತೂ ನಿಮಿಷಕ್ಕೆ 78 ಸುತ್ತು ತಿರುಗುವ 78ರ ಪ್ಲೇಟು 1960ರ ದಶಕದಲ್ಲೂ ಒತ್ತುತ್ತಿದ್ದರು. ಬೀಟಲ್ಸ್ ಹಾಡುಗಳೂ ಭಾರತದಲ್ಲಿ 78ರ ಪ್ಲೇಟಾಗಿ ಬಂದಿವೆ. ಹೊರದೇಶದ ಸಂಗ್ರಾಹಕರು ಇಂದು ಅವಕ್ಕೆ ದೊಡ್ಡ ಬೆಲೆ ಕೊಡುತ್ತಾರೆ.

ನಿಮ್ಮ ಕೈಲಿರುವುದು ಯಾವುದು

ಕಪ್ಪು ಬಣ್ಣದ್ದೇ ಹೆಚ್ಚು. ನೀಲಿ, ಕೆಂಪು, ಹಸಿರು, ಬೂದು ಬಣ್ಣದವೂ ಬಂದಿದ್ದವು, ಅವು ವಿರಳ, ಬೆಲೆಯೂ ಮೇಲೆ. ಮರದ ಚೌಕಟ್ಟಿಗೆ ಚರ್ಮದಂತೆ ಕಾಣುವ ಬಟ್ಟೆ ಅಂಟಿಸಿರುತ್ತದೆ. ಮುಚ್ಚಳದ ಒಳಗೆ ನಾಯಿಯ ಚಿತ್ರ, ಮೂಲೆಯಲ್ಲಿ ಹೊರಕ್ಕೆ ತಿರುಗುವ ಮುಳ್ಳಿನ ಬಟ್ಟಲು. ಕೀ ಹಿಡಿ ಬಲಬದಿಯಲ್ಲಿ. ಕೀ ಮುಂಬದಿಯಲ್ಲಿದ್ದರೆ ಅದು ಮೊದಮೊದಲ 101.

ಸೌಂಡ್‌ಬಾಕ್ಸ್ ನೋಡಿ. 102ಕ್ಕೆ ಮೊದಲು 16ನೇ ನಂಬರು ಬಂತು, ಆಮೇಲೆ 5ಎ, ಕೊನೆಗೆ 5ಬಿ. ಮೂರರಲ್ಲೂ ಒಳಗೆ ಅಲ್ಯೂಮಿನಿಯಂ ಮಿಶ್ರಲೋಹದ ತೆಳುವಾದ ಡಯಾಫ್ರಂ. ಪಾರದರ್ಶಕವಾದ ಅಭ್ರಕ, ನಮ್ಮ ಮಾತಿನ ಕಾಗೆಬಂಗಾರ, ಕಂಡರೆ ಒಂದೋ ಯಂತ್ರ 101 ಅಥವಾ ಯಾರೋ ಸೌಂಡ್‌ಬಾಕ್ಸ್ ಬದಲಿಸಿದ್ದಾರೆ. ಇಷ್ಟರಿಂದಲೇ ತೀರ್ಮಾನಕ್ಕೆ ಬರಬೇಡಿ. ಸೌಂಡ್‌ಬಾಕ್ಸ್ ಸುಲಭವಾಗಿ ಕಳಚುವ ವಸ್ತು, ಎಂಬತ್ತು ವರ್ಷಗಳಲ್ಲಿ ಎಷ್ಟು ರಿಪೇರಿಯವರ ಕೈ ದಾಟಿದೆಯೋ. ಬ್ರೇಕಿನ ವ್ಯವಸ್ಥೆ, ಕೀ ಇರುವ ಜಾಗ, ಲೋಹದ ಲೇಪ, ಎಲ್ಲ ಒಂದೇ ಕಾಲಕ್ಕೆ ಹೊಂದುತ್ತವೆಯೇ ನೋಡಿ. ನಿಕ್ಕಲ್ ಲೇಪ ತುಸು ಹಳದಿ ಛಾಯೆಯದು, ಕ್ರೋಮ್ ನೀಲಿ ಮಿಶ್ರಿತ ಬಿಳುಪು. 102ರಲ್ಲಿ ನೀವು ಎದುರುನೋಡಬೇಕಾದದ್ದು ಕ್ರೋಮ್.

ಕೊಳ್ಳಲು ಹೊರಟವರಿಗೆ ಇನ್ನೊಂದು ಮಾತು, ಸ್ವಲ್ಪ ಕಟುವಾಗಿಯೇ. ಪ್ರವಾಸಿ ಮಾರುಕಟ್ಟೆಗಳಲ್ಲಿ ಫಳಫಳ ಹೊಳೆಯುವ ಹಿತ್ತಾಳೆ ಕಹಳೆ, ಚೌಕ ಅಥವಾ ಎಂಟು ಮೂಲೆಯ ಪೆಟ್ಟಿಗೆ, ಮುಂಭಾಗದಲ್ಲಿ ನಾಯಿ ಬಿಲ್ಲೆ ಇರುವ ‘ನೂರು ವರ್ಷದ ಗ್ರಾಮಾಫೋನು’ ಸಿಗುತ್ತದಲ್ಲ, ಅದರಲ್ಲಿ ಬಹುಪಾಲು ಇತ್ತೀಚಿನ ಕಟ್ಟೋಣ. ಪೆಟ್ಟಿಗೆ ಹೊಸದು, ಕಹಳೆ ಹೊಸದು, ಒಳಗಿನ ಮೋಟಾರು ಮಾತ್ರ ಹಳೆಯದು, ಅದೂ ಹಲವು ಸಲ ಇಂಥದೇ ಒಂದು ಸೂಟ್‌ಕೇಸ್ ಯಂತ್ರವನ್ನು ಬಿಚ್ಚಿ ತೆಗೆದದ್ದು. ಅಂದರೆ ಒಂದು ನಕಲಿ ಹುಟ್ಟಿದಾಗ ಒಂದು ಅಸಲಿ ಸತ್ತಿರುತ್ತದೆ. ಗುರುತು ಹಿಡಿಯುವುದು ಕಷ್ಟವಲ್ಲ: ಟೋನ್‌ಆರ್ಮ್ ದಪ್ಪ, ಒರಟು ಹಿತ್ತಾಳೆ ಎರಕ, ಕಹಳೆಯ ಮೊಣಕೈ ಸಡಿಲ, ತಿರುಗುತಟ್ಟೆಯ ಬಟ್ಟೆ ಕಣ್ಣು ಕುಕ್ಕುವಷ್ಟು ಹೊಸದು, ಪೆಟ್ಟಿಗೆಯ ಒಳಗೆ ಕೈ ಹಾಕಿದರೆ ಪಾಲಿಶ್ ಕಾಣದ ಹೊಸ ಮರದ ವಾಸನೆ. ಅದೇ ಬೆಲೆಗೆ ಸವೆದು ಕಪ್ಪಾದ 102 ಸಿಕ್ಕರೆ ಕಣ್ಣು ಮುಚ್ಚಿ ಅದನ್ನೇ ತೆಗೆದುಕೊಳ್ಳಿ. ದನಿಯಲ್ಲೂ ಅದೇ ಮೇಲು.

ಸೌಂಡ್‌ಬಾಕ್ಸ್: ದನಿಯ ಮುಕ್ಕಾಲು ಪಾಲು ಇಲ್ಲೇ

ದನಿ ಸಣ್ಣಗೆ, ಗರಗರ ಎನ್ನುತ್ತ, ತಗ್ಗು ಸ್ವರವಿಲ್ಲದೆ ಬಂದರೆ ಮೋಟಾರಿನ ತಂಟೆಗೆ ಹೋಗುವ ಮುಂಚೆ ಇಲ್ಲಿ ನೋಡಿ. ಕಾರಣ ಸಾಮಾನ್ಯವಾಗಿ ರಬ್ಬರು, ಅದೂ ಎರಡು ಕಡೆ.

ಮೊದಲನೆಯದು ಸೌಂಡ್‌ಬಾಕ್ಸಿನ ಬೆನ್ನಿಗಿರುವ ರಬ್ಬರ್ ಬುಷ್. ಸೌಂಡ್‌ಬಾಕ್ಸ್ ಟೋನ್‌ಆರ್ಮಿಗೆ ನೇರವಾಗಿ ತಾಗದಂತೆ ತಡೆಯುವುದು ಇದೇ. ಮೆಲ್ಲಗೆ ಅಲ್ಲಾಡಿಸಿ ನೋಡಿ, ತುಸು ಬಳುಕಬೇಕು. ಕಬ್ಬಿಣದಂತೆ ಅಲುಗದೆ ನಿಂತರೆ ರಬ್ಬರು ಸತ್ತಿದೆ. ಬಲವಂತವಾಗಿ ತೆಗೆಯಲು ಹೋಗಬೇಡಿ. 5ಎ ಸೌಂಡ್‌ಬಾಕ್ಸಿನ ಮೈ ಸತುವಿನ ಎರಕ. ಆ ಕಾಲದ ಸತುವಿನಲ್ಲಿ ಕಲಬೆರಕೆ ಲೋಹಗಳಿದ್ದುದರಿಂದ ಒಳಗಿಂದಲೇ ಉಬ್ಬಿ ಬಿರುಕು ಬಿಡುತ್ತದೆ. ಕೂದಲೆಳೆಯ ಬಿರುಕು ಕಂಡರೆ ಅದನ್ನು ಬಿಚ್ಚುವ ಯೋಚನೆಯನ್ನೇ ಬಿಟ್ಟು, 5ಬಿ ಅಥವಾ ಗಟ್ಟಿ ಇರುವ ಇನ್ನೊಂದನ್ನು ಹುಡುಕಿ. ಬಿರುಕಿಲ್ಲದಿದ್ದರೆ ಹೇರ್ ಡ್ರೈಯರಿನಿಂದ ಎರಡು ನಿಮಿಷ ಬಿಸಿ ಮಾಡಿ, ಹಳೆಯ ರಬ್ಬರನ್ನು ಸಣ್ಣ ಚೂರುಗಳಾಗಿ ಕೊರೆದು ತೆಗೆಯಿರಿ. ಈ ಬುಷ್‌ಗಳನ್ನು ಹೊಸದಾಗಿ ಮಾಡಿ ಮಾರುವವರು ಹೊರದೇಶಗಳಲ್ಲಿದ್ದಾರೆ, ಅಂಚೆಯಲ್ಲಿ ತರಿಸಿಕೊಳ್ಳಬಹುದು.

ಎರಡನೆಯದು ಡಯಾಫ್ರಮ್ಮಿನ ಅಂಚನ್ನು ಎರಡೂ ಬದಿಯಿಂದ ಹಿಡಿದಿರುವ ಗ್ಯಾಸ್ಕೆಟ್. ರಬ್ಬರ್ ಕೊಳವೆ ಬಳಸಿದ ಸೌಂಡ್‌ಬಾಕ್ಸಾದರೆ ಅದೇ ದಪ್ಪದ ಮೆತ್ತನೆಯ ಕೊಳವೆ ಬೇಕು. ಹಳೆಯದರ ದಪ್ಪ ವರ್ನಿಯರ್‌ನಲ್ಲಿ ಅಳೆದುಕೊಳ್ಳಿ. ಕತ್ತರಿಸುವಾಗ ಎರಡು ತುದಿಗಳು ಒಂದಕ್ಕೊಂದು ತಾಗಬೇಕು, ಒಂದರ ಮೇಲೊಂದು ಏರಬಾರದು, ನಡುವೆ ಸಂದೂ ಉಳಿಯಬಾರದು. ಸಂದು ಉಳಿದರೆ ಗಾಳಿ ಸೋರಿ ತಗ್ಗು ಸ್ವರ ಹೋಗುತ್ತದೆ. ಏರಿದರೆ ಡಯಾಫ್ರಂ ಓರೆಯಾಗಿ ಸ್ವರ ಒಡೆಯುತ್ತದೆ. ಹಿಂಬದಿಯ ಸ್ಕ್ರೂಗಳನ್ನು ಒಮ್ಮೆಲೇ ಬಿಗಿಯದೆ ಎದುರು ಬದುರಾಗಿ, ಕಾಲು ಕಾಲು ಸುತ್ತಿನಂತೆ ಬಿಗಿಯಿರಿ. ಡಯಾಫ್ರಮ್ಮಿನ ಮೇಲೆ ಬೆರಳಿಡಬೇಡಿ. ಒಂದು ಗುಳಿ ಬಿದ್ದರೆ ಸರಿಮಾಡಲಾಗದು.

ಮುಳ್ಳು ಹಿಡಿಯುವ ಕಡ್ಡಿಯ ಇನ್ನೊಂದು ತುದಿ ಡಯಾಫ್ರಮ್ಮಿನ ನಡುವಿಗೆ ಸೇರುವ ಜಾಗದಲ್ಲಿ ಒಂದು ತೊಟ್ಟು ಮೇಣ ಇರುತ್ತದೆ. ಅದು ಬಿರುಕು ಬಿಟ್ಟಿದ್ದರೆ ಗುಂಡುಸೂಜಿಯ ತುದಿಯಲ್ಲಿ ಜೇನುಮೇಣ ಕರಗಿಸಿ ಒಂದೇ ಹನಿ ಹಾಕಿ. ಕಡ್ಡಿ ಕೂರುವ ಕೀಲುಗಳನ್ನು ಮಾತ್ರ ಕುತೂಹಲಕ್ಕೆಂದು ಬಿಚ್ಚಬೇಡಿ. ಒಳಗೆ ಸಾಸಿವೆಗಿಂತ ಚಿಕ್ಕ ಉಕ್ಕಿನ ಗುಂಡುಗಳಿರುವ ಮಾದರಿಗಳಿವೆ, ಒಂದು ಉರುಳಿ ಹೋದರೂ ಸೌಂಡ್‌ಬಾಕ್ಸ್ ಮೂಲೆ ಸೇರಿದಂತೆಯೇ.

ಮೋಟಾರು

ಇದು ಒಂದೇ ಸ್ಪ್ರಿಂಗಿನ ಮೋಟಾರು. ಕೀ ಪೂರ್ತಿ ಕೊಟ್ಟರೆ ಪ್ಲೇಟಿನ ಒಂದು ಬದಿ ಮುಗಿಯುತ್ತದೆ: 10 ಇಂಚಿನದಾದರೆ ಸುಮಾರು ಮೂರು ನಿಮಿಷ, 12 ಇಂಚಿನದಾದರೆ ನಾಲ್ಕು ನಾಲ್ಕೂವರೆ. ಪ್ರತಿ ಬದಿಗೂ ಮೊದಲು ಕೀ ಕೊಡುವುದೇ ಪದ್ಧತಿ.

ಬಿಚ್ಚುವ ಮುಂಚೆ ಒಂದು ನಿಯಮ, ಇದಕ್ಕೆ ವಿನಾಯಿತಿ ಇಲ್ಲ: ಸ್ಪ್ರಿಂಗ್ ಪೂರ್ತಿ ಇಳಿದಿರಬೇಕು. ಬ್ರೇಕು ತೆಗೆದು ತಿರುಗುತಟ್ಟೆ ತಾನಾಗಿ ನಿಲ್ಲುವವರೆಗೆ ಬಿಡಿ, ಆಮೇಲೂ ಕೈಯಿಂದ ಒಂದಷ್ಟು ಸುತ್ತು ತಿರುಗಿಸಿ. ಗ್ರೀಸು ಗಟ್ಟಿಯಾಗಿ ತಟ್ಟೆ ನಡುವೆಯೇ ನಿಂತಿದ್ದರೆ ಸ್ಪ್ರಿಂಗ್ ಇಳಿದಿದೆ ಎಂದುಕೊಳ್ಳಬೇಡಿ. ಹಲ್ಲುಚಕ್ರಗಳಿಗೆ ತೆಳು ಎಣ್ಣೆ ಬಿಟ್ಟು, ಬಿಸಿಗಾಳಿ ಹಾಯಿಸಿ, ಮೆಲ್ಲಗೆ ತಿರುಗಿಸುತ್ತಾ ಇಳಿಸಿ. ಸ್ಪ್ರಿಂಗ್ ಏರಿದ್ದಾಗ ವೇಗ ಹಿಡಿದಿಡುವ ಗವರ್ನರ್ ತೆಗೆದರೆ ತಡೆಯುವವರಿಲ್ಲದೆ ಇಡೀ ಮೋಟಾರು ಒಮ್ಮೆಲೇ ಬಿಚ್ಚಿಕೊಳ್ಳುತ್ತದೆ. ಹಲ್ಲುಚಕ್ರಗಳು ಹೋಗುತ್ತವೆ, ಬೆರಳು ಸಿಕ್ಕಿದ್ದರೆ ಅದೂ.

ಕೀ ಹಿಡಿಯನ್ನು ಹಿಮ್ಮುಖವಾಗಿ ತಿರುಗಿಸಿ ತೆಗೆಯಿರಿ. ತಿರುಗುತಟ್ಟೆಯ ನಡುಗಂಬಕ್ಕೆ ಕ್ಲಿಪ್ ಇದ್ದರೆ ಅದನ್ನು ಬಿಡಿಸಿ, ಎರಡೂ ಬದಿಯಿಂದ ಸಮವಾಗಿ ಮೇಲೆತ್ತಿ. ಕಚ್ಚಿಕೊಂಡಿದ್ದರೆ ಒಬ್ಬರು ತಟ್ಟೆಯನ್ನು ಮೇಲಕ್ಕೆ ಒತ್ತಿ ಹಿಡಿದಿರುವಾಗ ಇನ್ನೊಬ್ಬರು ಕಂಬದ ತುದಿಗೆ ಮರದ ತುಂಡಿಟ್ಟು ಹಗುರಾಗಿ ತಟ್ಟಲಿ. ಸ್ಕ್ರೂಡ್ರೈವರ್ ಹಾಕಿ ಒಂದು ಕಡೆಯಿಂದ ಎಬ್ಬಿದರೆ ತಟ್ಟೆ ಸೊಟ್ಟಗಾಗಿ ಮುಂದೆ ಪ್ರತಿ ಸುತ್ತಿಗೂ ಕುಣಿಯುತ್ತದೆ. ಆಮೇಲೆ ಮೋಟಾರು ಕೂತಿರುವ ಹಲಗೆಯ ಅಂಚಿನ ಸ್ಕ್ರೂಗಳನ್ನು ಬಿಚ್ಚಿ. ಪ್ರತಿ ಹಂತಕ್ಕೂ ಮೊಬೈಲಿನಲ್ಲಿ ಒಂದು ಫೋಟೋ, ಸ್ಕ್ರೂಗಳಿಗೆ ಬೇರೆ ಬೇರೆ ಡಬ್ಬಿ.

ತೊಳೆಯಲು ಸೀಮೆಎಣ್ಣೆ ಒಳ್ಳೆಯದು, ಈಗ ಅದು ಸಿಗುವುದೇ ಕಷ್ಟ. ಪೇಂಟ್ ಅಂಗಡಿಯ ಟರ್ಪೆಂಟೈನ್ ಸಾಕು. ಪೆಟ್ರೋಲ್ ಬೇಡ. ಹಲ್ಲುಚಕ್ರಗಳ ಸಂದುಗಳಿಗೆ ಹಳೆಯ ಹಲ್ಲುಜ್ಜುವ ಬ್ರಷ್. ಚೆನ್ನಾಗಿ ಒಣಗಿದ ಮೇಲೆ ಗವರ್ನರಿನ ಎರಡು ತುದಿಗಳಿಗೆ, ನಡುಗಂಬದ ಬೇರಿಂಗುಗಳಿಗೆ ಒಂದೊಂದು ಹನಿ ಹೊಲಿಗೆ ಯಂತ್ರದ ಎಣ್ಣೆ. ತಿರುಪಿನಂಥ ಹಲ್ಲಿನ ವರ್ಮ್ ಗೇರಿಗೆ ತೆಳುವಾಗಿ ಗ್ರೀಸು. ಕೊಬ್ಬರಿ ಎಣ್ಣೆ, ಹರಳೆಣ್ಣೆ ಹಾಕಿದ ಯಂತ್ರಗಳು ನಮ್ಮ ಕಡೆ ಬೇಕಾದಷ್ಟು. ಮೊದಲ ವಾರ ಸೊಗಸಾಗಿ ಓಡುತ್ತವೆ, ಆಮೇಲೆ ಆ ಎಣ್ಣೆ ಅರಗಿನಂತೆ ಹೆಪ್ಪುಗಟ್ಟುತ್ತದೆ.

ಹಾಡುವಾಗ ಪೆಟ್ಟಿಗೆಯೊಳಗಿಂದ ‘ದಡ್’ ಎಂದು ಆಗಾಗ ಬಡಿದಂತಾಗಿ ಸ್ವರ ಒಂದು ಕ್ಷಣ ತೂಗಿದರೆ, ಅದು ಸ್ಪ್ರಿಂಗಿನ ಸುರುಳಿಗಳು ಒಣಗಿದ ಗ್ರೀಸಿಗೆ ಅಂಟಿ ಥಟ್ಟನೆ ಬಿಡಿಸಿಕೊಳ್ಳುವ ಸದ್ದು. ಆಗ ಸ್ಪ್ರಿಂಗಿನ ಡಬ್ಬಿ ತೆರೆಯಲೇಬೇಕು. ಇದು ಹೊಸಬರ ಕೆಲಸವಲ್ಲ ಎಂದು ನೇರವಾಗಿ ಹೇಳುತ್ತೇವೆ. ಸಾಧ್ಯವಿದ್ದರೆ ಹಳೆಯ ಗಡಿಯಾರ ರಿಪೇರಿಯವರ ಕೈಗೆ ಕೊಡಿ. ನೀವೇ ಮಾಡುವುದಾದರೆ ದಪ್ಪ ಚರ್ಮದ ಕೈಗವಸು, ಕನ್ನಡಕ ಕಡ್ಡಾಯ. ಡಬ್ಬಿಯನ್ನು ಗೋಣಿಚೀಲದೊಳಗೆ ಹಿಡಿದು, ಒಳತುದಿಯನ್ನು ಕೊಕ್ಕೆಯಿಂದ ಬಿಡಿಸಿ, ನಡುವಿನಿಂದ ಒಂದೊಂದೇ ಸುತ್ತು ಹೊರಗೆಳೆಯಿರಿ, ಉಳಿದದ್ದನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದಿರಿ. ತೊಳೆದು ಒಣಗಿಸಿ, ಹೊರತುದಿಯನ್ನು ಡಬ್ಬಿಯ ಗೂಟಕ್ಕೆ ಸಿಕ್ಕಿಸಿ, ಹೊರಗಿನಿಂದ ಒಳಕ್ಕೆ ಸುತ್ತುತ್ತಾ ಕೂರಿಸಿ. ಆಟೋಮೊಬೈಲ್ ಅಂಗಡಿಯ ಎಪಿ3 ಗ್ರೀಸಿಗೆ ಗ್ರಾಫೈಟ್ ಪುಡಿ ಕಲಸಿ ಸುಮಾರು ಎರಡು ಚಮಚ ಹಾಕಿದರೆ ಸಾಕು. ಹೆಚ್ಚು ಹಾಕಿದರೆ ಬೇಸಿಗೆಯಲ್ಲಿ ಸೋರಿ ಪೆಟ್ಟಿಗೆಯ ಮರ ಕುಡಿಯುತ್ತದೆ.

ಕೀ ಕೊಟ್ಟಷ್ಟೂ ಸಡಿಲವಾಗಿ ತಿರುಗುತ್ತಲೇ ಇದ್ದರೆ ಸ್ಪ್ರಿಂಗ್ ತುಂಡಾಗಿದೆ ಅಥವಾ ಕೊಕ್ಕೆ ತಪ್ಪಿದೆ. ಹೊರತುದಿಯ ರಂಧ್ರದ ಬಳಿ ಮುರಿದಿದ್ದರೆ ಉಳಿಸಬಹುದು: ತುದಿಯ ಮೂರು ನಾಲ್ಕು ಸೆಂಟಿಮೀಟರನ್ನು ಕೆಂಪಗೆ ಕಾಯಿಸಿ ತಾನಾಗಿ ಆರಲು ಬಿಡಿ (ನೀರಿಗೆ ಅದ್ದಿದರೆ ಗಾಜಿನಂತೆ ಮುರಿಯುತ್ತದೆ), ಮೆದುವಾದ ಮೇಲೆ ಹೊಸ ರಂಧ್ರ ಕೊರೆಯಿರಿ. ನಡುವೆ ತುಂಡಾಗಿದ್ದರೆ ಹೊಸದೇ ಬೇಕು. ಅಗಲ, ದಪ್ಪ, ಉದ್ದ, ಡಬ್ಬಿಯ ಒಳವ್ಯಾಸ, ಎರಡು ತುದಿಗಳು ಸಿಕ್ಕಿಕೊಳ್ಳುವ ಬಗೆ, ಈ ಐದನ್ನೂ ಅಳೆದು ಬರೆದುಕೊಂಡೇ ಕೇಳಿ. ವೆಲ್ಡಿಂಗ್ ಮಾಡಿಸುವ ಸಲಹೆ ಬಂದರೆ ಕೇಳಬೇಡಿ.

ವೇಗ ಏರಿಳಿದರೆ ಗವರ್ನರ್ ನೋಡಿ. ಮೂರು ತೆಳು ಪಟ್ಟಿ ಸ್ಪ್ರಿಂಗುಗಳು, ಪ್ರತಿಯೊಂದರ ನಡುವೆ ಒಂದು ತೂಕ. ಒಂದು ಪಟ್ಟಿ ಮುರಿದರೂ ಮೂರನ್ನೂ ಬದಲಿಸಿ, ಒಂದೊಂದರ ಬಿಗಿ ಒಂದೊಂದಾದರೆ ಗವರ್ನರ್ ನಡುಗುತ್ತದೆ. ಕಿರ್ ಎಂಬ ಸದ್ದು ಬಂದರೆ ಗವರ್ನರಿನ ತಟ್ಟೆಗೆ ತಾಗುವ ಮೆತ್ತೆ ಒಣಗಿದೆ, ಒಂದು ಹನಿ ಎಣ್ಣೆಗೆ ನಿಲ್ಲುತ್ತದೆ.

ವೇಗ, ಬ್ರೇಕು

ಮುಳ್ಳು ಪ್ಲೇಟಿನ ಮೇಲಿದ್ದಾಗಲೇ ಅಳೆಯಿರಿ, ಬರಿದೇ ತಿರುಗುವ ವೇಗ ಲೆಕ್ಕಕ್ಕಿಲ್ಲ. ಲೇಬಲಿನ ಅಂಚಿಗೆ ಕಾಗದದ ಚೂರು ಸಿಕ್ಕಿಸಿ 30 ಸೆಕೆಂಡಿಗೆ 39 ಸುತ್ತು ಬರುವಂತೆ ವೇಗದ ಗುಂಡಿ ತಿರುಗಿಸಿದರೆ 78 ಆಯಿತು. ಇನ್ನೂ ನಿಖರ ಬೇಕಾದರೆ ಸ್ಟ್ರೋಬೋಸ್ಕೋಪ್ ಬಿಲ್ಲೆ (ಪ್ಲೇಟಿನ ಮೇಲಿಟ್ಟು ಕರೆಂಟಿನ ದೀಪದಡಿ ನೋಡುವ, ಸುತ್ತಲೂ ಗೆರೆಗಳಿರುವ ಬಿಲ್ಲೆ): ನಮ್ಮ 50 ಹರ್ಟ್ಸ್ ಕರೆಂಟಿಗೆ 77 ಗೆರೆಯದು, ಅಮೆರಿಕದಲ್ಲಿರುವವರಿಗೆ 60 ಹರ್ಟ್ಸಿಗೆ 92 ಗೆರೆಯದು. ಗೆರೆಗಳು ನಿಂತಂತೆ ಕಂಡರೆ ವೇಗ ಸರಿ. ಎಲ್‌ಇಡಿ ದೀಪದಡಿ ಹಲವು ಸಲ ಇದು ಕೆಲಸ ಮಾಡುವುದಿಲ್ಲ. ಚೋಕ್ ಇರುವ ಹಳೆಯ ಟ್ಯೂಬ್‌ಲೈಟ್ ಅಥವಾ ನಿಯಾನ್ ಇಂಡಿಕೇಟರ್ ಬಳಸಿ. 1925ಕ್ಕಿಂತ ಹಿಂದಿನ ಪ್ಲೇಟುಗಳಿಗೆ 78 ಎಂಬುದೇ ಸ್ಥಿರವಲ್ಲ. ಗೌಹರ್ ಜಾನರಂಥವರ ಮುದ್ರಣಗಳನ್ನು ಕಿವಿಯಿಂದಲೇ ಶ್ರುತಿಗೆ ಹೊಂದಿಸಿಕೊಳ್ಳಬೇಕು.

ತಾನಾಗಿ ನಿಲ್ಲುವ ಬ್ರೇಕು ಕೆಟ್ಟಿದೆ ಎಂದು ತೀರ್ಮಾನಿಸುವ ಮುಂಚೆ ಪ್ಲೇಟಿನ ಕೊನೆ ನೋಡಿ. ಹಾಡು ಮುಗಿದ ಮೇಲೆ ಟೋನ್‌ಆರ್ಮನ್ನು ಬೇಗನೆ ಒಳಕ್ಕೆಳೆಯುವ ಗೆರೆ ಇದ್ದರೆ ಮಾತ್ರ ಬ್ರೇಕು ಬೀಳುತ್ತದೆ. ಹಳೆಯ ಪ್ಲೇಟುಗಳಲ್ಲಿ ಆ ಗೆರೆಯೇ ಇರುವುದಿಲ್ಲ, ಕೈಯಿಂದಲೇ ನಿಲ್ಲಿಸಬೇಕು. ಹಾಡಿನ ನಡುವೆಯೇ ಬ್ರೇಕು ಬೀಳುತ್ತಿದ್ದರೆ ಅಥವಾ ಮುಳ್ಳು ಒಂದೇ ಗೆರೆಯಲ್ಲಿ ಸುತ್ತುತ್ತಿದ್ದರೆ ಹಲಗೆಯಡಿಯ ಬ್ರೇಕಿನ ಕಡ್ಡಿಗಳು ಜಿಡ್ಡು ಕಟ್ಟಿವೆ. ಅಲ್ಲಿ ತೊಳೆದು ಒಣಗಲೇ ಬಿಡಿ, ಎಣ್ಣೆ ಬೇಡ.

ಮುಳ್ಳು, ಪ್ಲೇಟು

ಉಕ್ಕಿನ ಮುಳ್ಳು ಒಂದು ಬದಿಗೆ ಒಂದು. ಇಲ್ಲಿ ಜಿಪುಣತನ ಬೇಡ. ಅರಗಿನ ಪ್ಲೇಟಿನಲ್ಲಿ ಕಲ್ಲಿನ ಪುಡಿ ಬೆರೆಸಿರುತ್ತಾರೆ. ಮೊದಲ ಕೆಲವು ಸುತ್ತುಗಳಲ್ಲೇ ಅದು ಮುಳ್ಳಿನ ತುದಿಯನ್ನು ಗೆರೆಯ ಆಕಾರಕ್ಕೆ ಸವೆಸಿಕೊಳ್ಳಲಿ ಎಂದೇ. ಹಾಡು ಮುಗಿಯುವ ಹೊತ್ತಿಗೆ ಆ ತುದಿಗೆ ಚೂಪು ಅಂಚುಗಳು ಬಂದಿರುತ್ತವೆ, ಇನ್ನೊಂದು ಪ್ಲೇಟಿಗೆ ಇಟ್ಟರೆ ಉಳಿಯಂತೆ ಕೆತ್ತುತ್ತದೆ. 200 ಮುಳ್ಳಿನ ಡಬ್ಬಿ ಈಗಲೂ ಹೊಸದಾಗಿ ಸಿಗುತ್ತದೆ. ಬಟ್ಟಲಲ್ಲಿ ಉಳಿದ ಹಳೆಯ ಮುಳ್ಳುಗಳನ್ನು ಹೊಸದೆಂದು ನಂಬಬೇಡಿ, ಬಳಸಿದ್ದನ್ನು ಅಲ್ಲೇ ಹಾಕುವ ರೂಢಿ ಎಲ್ಲ ಮನೆಯಲ್ಲೂ ಇತ್ತು.

ಪಕ್ಕದಿಂದ ನೋಡಿದರೆ ಮುಳ್ಳು ಪ್ಲೇಟಿಗೆ ಸುಮಾರು 60 ಡಿಗ್ರಿ ಓರೆಯಾಗಿರಬೇಕು, ಮುಂದಿನಿಂದ ನೋಡಿದರೆ ನೆಟ್ಟಗೆ. ಸಣ್ಣ ಕೋಣೆಗೆ ತೆಳು ಮುಳ್ಳು ಸಾಕು. ದಪ್ಪ ಮುಳ್ಳು ಜೋರು, ಸವೆತವೂ ಹೆಚ್ಚು.

ಈ ಸೌಂಡ್‌ಬಾಕ್ಸಿನ ಭಾರ ಮುಳ್ಳಿನ ತುದಿಗೆ ನೂರು ಗ್ರಾಮಿಗೂ ಮೇಲೆ ಬೀಳುತ್ತದೆ. ವಿನೈಲ್ ಎಲ್‌ಪಿ ಇದರ ಮೇಲೆ ಇಡಲೇಬಾರದು, ಒಂದೇ ಸಲಕ್ಕೆ ಮುಗಿಯುತ್ತದೆ. ಅಪರೂಪದ ಪ್ಲೇಟು ಇದ್ದರೆ, ಉದಾಹರಣೆಗೆ ಹಳೆಯ ಕನ್ನಡ ನಾಟಕದ ಹಾಡು, ಮೊದಲು ಹಗುರ ಪಿಕಪ್ಪಿನ ವಿದ್ಯುತ್ ಯಂತ್ರದಲ್ಲಿ ಡಿಜಿಟಲ್ ಪ್ರತಿ ಮಾಡಿಸಿಕೊಳ್ಳಿ, 102ಕ್ಕೆ ಸಾಮಾನ್ಯ ಪ್ಲೇಟು ಸಾಕು. ತೊಳೆಯುವಾಗ ತಣ್ಣೀರು, ಒಂದು ಹನಿ ಪಾತ್ರೆ ತೊಳೆಯುವ ಸೋಪು, ಮೆತ್ತನೆ ಬಟ್ಟೆ, ಲೇಬಲ್ ನೆನೆಯದಂತೆ. ಸ್ಪಿರಿಟ್, ಸ್ಯಾನಿಟೈಸರ್ ಹತ್ತಿರಕ್ಕೂ ತರಬೇಡಿ: ಅರಗು ಅದರಲ್ಲಿ ಕರಗುತ್ತದೆ.

ಪೆಟ್ಟಿಗೆ, ಮಳೆಗಾಲ

ಎದ್ದ ಬಟ್ಟೆಯ ಅಂಚಿಗೆ ಫೆವಿಕಾಲ್ ತೆಳುವಾಗಿ ಸವರಿ ಒಂದು ರಾತ್ರಿ ಭಾರ ಹೇರಿ. ಒದ್ದೆ ಬಟ್ಟೆಯಲ್ಲಿ ಒರೆಸಿ, ನಾಯಿಯ ಚಿತ್ರವನ್ನು ಮಾತ್ರ ಉಜ್ಜಬೇಡಿ, ಅದು ತೆಳುವಾದ ಪದರ, ಸ್ಪಿರಿಟ್ ತಾಗಿದರೆ ಎದ್ದು ಬರುತ್ತದೆ. ಕ್ರೋಮಿಗೆ ಉಪ್ಪುಕಾಗದ ಹಾಕಬೇಡಿ. ಕಪ್ಪು ಶೂ ಪಾಲಿಶ್ ಬಳಿದು ಹೊಸದರಂತೆ ಮಾಡಿದ ಪೆಟ್ಟಿಗೆಗಳು ಮಾರುಕಟ್ಟೆಯಲ್ಲಿವೆ. ಬಿಳಿ ಬಟ್ಟೆಯಲ್ಲಿ ಒಮ್ಮೆ ತಿಕ್ಕಿ ನೋಡಿದರೆ ಗೊತ್ತಾಗುತ್ತದೆ.

ಮಲೆನಾಡು, ಕರಾವಳಿಯ ಮನೆಗಳಲ್ಲಿ ಆಷಾಢ ಶ್ರಾವಣಗಳು ಈ ಪೆಟ್ಟಿಗೆಗೆ ಕೆಟ್ಟ ಕಾಲ. ಮುಚ್ಚಿದ ಪೆಟ್ಟಿಗೆಯೊಳಗೆ ತೇವ ನಿಂತು ಹಳೆಯ ಅಂಟು ಮೆದುವಾಗುತ್ತದೆ, ಸ್ಪ್ರಿಂಗಿಗೆ ತುಕ್ಕು ಬರುತ್ತದೆ. ಒಳಗೆ ಎರಡು ಮೂರು ಸಿಲಿಕಾ ಜೆಲ್ ಪೊಟ್ಟಣಗಳನ್ನಿಡಿ, ಎರಡು ವಾರಕ್ಕೊಮ್ಮೆ ತೆರೆದು ಗಾಳಿಯಾಡಿಸಿ. ನೆಲಕ್ಕೂ ಗೋಡೆಗೂ ತಾಗದಂತೆ ಇಟ್ಟರೆ ಗೆದ್ದಲಿನ ಭಯ ಕಡಿಮೆ. ಎತ್ತಿಡುವಾಗ ಸ್ಪ್ರಿಂಗ್ ಪೂರ್ತಿ ಇಳಿಸಿ, ಮುಳ್ಳು ತೆಗೆದು, ಟೋನ್‌ಆರ್ಮನ್ನು ಅದರ ಕ್ಲಿಪ್ಪಿಗೆ ಸಿಕ್ಕಿಸಿ. ತಿಂಗಳಿಗೊಮ್ಮೆ ಹತ್ತು ಸುತ್ತು ಕೀ ಕೊಟ್ಟು ಪ್ಲೇಟಿಲ್ಲದೆ ತಿರುಗಿಸಿದರೆ ಗ್ರೀಸು ಮತ್ತೆ ಗಟ್ಟಿಯಾಗುವುದಿಲ್ಲ.